ಅಸ್ಸಿಸಿ: ಇಟಲಿಯ ಬೆಟ್ಟದೂರನ್ನು ಮೇಲಿನಿಂದ ಇಳಿಯುತ್ತ ನೋಡುವ ಕ್ರಮ

ಇಟಲಿಗೆ ಹೊರಟ ನಮ್ಮವರ ಪಟ್ಟಿಯಲ್ಲಿ ರೋಮ್, ಫ್ಲಾರೆನ್ಸ್, ವೆನಿಸ್ ತಪ್ಪದೆ ಇರುತ್ತವೆ. ಅಸ್ಸಿಸಿ ಇದ್ದರೂ ಅದು ಪ್ರವಾಸಿ ಬಸ್ಸು ಎರಡು ಗಂಟೆ ನಿಂತು ಮುಂದೆ ಸಾಗುವ ಊರಾಗಿಯೇ ಇರುತ್ತದೆ. ಬಸ್ಸು ಬೆಟ್ಟದ ಬುಡದಲ್ಲಿ ಇಳಿಸುತ್ತದೆ. ಅಲ್ಲಿಂದ ಏದುಸಿರು ಬಿಡುತ್ತ ಏರಿ, ಈ ಊರಿನವನೇ ಆದ ಸನ್ಯಾಸಿ ಸಂತ ಫ್ರಾನ್ಸಿಸನ ಬೆಸಿಲಿಕಾದೊಳಗೆ, ಅಂದರೆ ಆತನ ಸಮಾಧಿಯಿರುವ ದೊಡ್ಡ ಚರ್ಚಿನೊಳಗೆ, ಗುಂಪಿನೊಡನೆ ಒಂದು ಸುತ್ತು ಹಾಕಿ, ಅದೇ ದಾರಿಯಲ್ಲಿ ಇಳಿದುಬಂದರೆ ಊರು ನೋಡಿದಂತಾಯಿತು ಎಂದುಕೊಳ್ಳುತ್ತಾರೆ. ಅಸ್ಸಿಸಿಯನ್ನು ನೋಡಬೇಕಾದ ಕ್ರಮ ಇದಕ್ಕೆ ತದ್ವಿರುದ್ಧವಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ: ಏರುವುದನ್ನು ವಾಹನಕ್ಕೆ ಬಿಟ್ಟು, ಊರಿನ ನೆತ್ತಿಯಿಂದ ನಡೆದು ಇಳಿಯುತ್ತ, ಬೆಸಿಲಿಕಾವನ್ನು ಕೊನೆಗೆ ನೋಡಬೇಕು, ನಡುವೆ ಒಂದು ರಾತ್ರಿ ಊರೊಳಗೇ ತಂಗಬೇಕು. ಹೀಗೆ ಮಾಡಿದರೆ ಮಂಡಿಗೆ ಹಿತವಾಗುವುದಷ್ಟೇ ಅಲ್ಲ, ಬೆಸಿಲಿಕಾದ ಗೋಡೆಚಿತ್ರಗಳು ಅರ್ಥವಾಗುವುದೂ ಸುಲಭವಾಗುತ್ತದೆ. ಅದು ಹೇಗೆಂಬುದು ಮುಂದೆ ತಿಳಿಯುತ್ತದೆ.

ಊರಿನ ರಚನೆಯನ್ನು ಮೊದಲು ಮನಸ್ಸಿನಲ್ಲಿ ಕೂಡಿಸಿಕೊಳ್ಳಿ

ಮಧ್ಯ ಇಟಲಿಯ ಉಂಬ್ರಿಯಾ ಪ್ರಾಂತದಲ್ಲಿ ಸುಬಾಸಿಯೊ ಎಂಬ ಬೆಟ್ಟದ ಪಶ್ಚಿಮದ ಮೈಗೆ ಒರಗಿಕೊಂಡಂತೆ ಅಸ್ಸಿಸಿ ಇದೆ. ಊರು ಉದ್ದಕ್ಕೆ ಚಾಚಿಕೊಂಡಿದ್ದು, ಅದರ ಪಶ್ಚಿಮದ ತುದಿಯಲ್ಲಿ ಸಂತ ಫ್ರಾನ್ಸಿಸನ ಬೆಸಿಲಿಕಾ, ನಡುವೆ ಪಿಯಾತ್ಸಾ ದೆಲ್ ಕೊಮುನೆ ಎಂಬ ಚೌಕ, ಪೂರ್ವದ ಕಡೆಗೆ ಫ್ರಾನ್ಸಿಸನ ಶಿಷ್ಯೆ ಸಂತ ಕ್ಲಾರಾಳ ಬೆಸಿಲಿಕಾ, ಎಲ್ಲಕ್ಕಿಂತ ಮೇಲೆ ರೊಕ್ಕಾ ಮಜ್ಜೋರೆ ಎಂಬ ಕೋಟೆ ಇವೆ. ರೈಲು ನಿಲ್ದಾಣಕ್ಕೆ ಅಸ್ಸಿಸಿ ಎಂದೇ ಹೆಸರಿದ್ದರೂ ಅದು ಇರುವುದು ಕೆಳಗಿನ ಬಯಲಿನ ಸಾಂತಾ ಮರಿಯಾ ದೆಲ್ಯಿ ಆಂಜೆಲಿ ಎಂಬ ಊರಿನಲ್ಲಿ. ಅಲ್ಲಿಂದ ಹಳೆಯ ಊರಿಗೆ ನಾಲ್ಕೈದು ಕಿಲೋಮೀಟರ್ ದೂರ, ಸುಮಾರು 200 ಮೀಟರ್ ಏರು. ಈ ಒಂದು ಸಂಗತಿ ತಿಳಿಯದೆ ನಿಲ್ದಾಣದ ಪಕ್ಕದಲ್ಲಿ ಕೋಣೆ ಕಾದಿರಿಸಿ ಆಮೇಲೆ ಪೇಚಾಡುವವರು ಬಹಳ.

ಮನೆಗಳು, ಗೋಡೆಗಳು, ಮೆಟ್ಟಿಲುಗಳು ಎಲ್ಲವೂ ಸುಬಾಸಿಯೊ ಬೆಟ್ಟದ್ದೇ ಆದ ತಿಳಿಗುಲಾಬಿ ಮತ್ತು ಬಿಳಿ ಸುಣ್ಣಕಲ್ಲಿನವು. ಸಂಜೆಯ ಬಿಸಿಲು ಪಶ್ಚಿಮಕ್ಕೆ ಮುಖ ಮಾಡಿದ ಈ ಊರಿನ ಮೇಲೆ ನೇರವಾಗಿ ಬೀಳುವುದರಿಂದ ಕಲ್ಲಿನ ನಿಜವಾದ ಬಣ್ಣ ಕಾಣುವುದು ಮಧ್ಯಾಹ್ನದ ನಂತರವೇ. 2000ರಲ್ಲಿ ಊರು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಯಾವಾಗ ಹೋಗಬೇಕು

ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ, ಮತ್ತೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ನಡೆದಾಡುವುದಕ್ಕೆ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಕಲ್ಲಿನ ಓಣಿಗಳು ಕಾದು ಕೂರುತ್ತವೆ. ಚಳಿಗಾಲದಲ್ಲಿ ಜನ ಕಡಿಮೆ, ಕೋಣೆ ಅಗ್ಗ, ಆದರೆ ಐದು ಗಂಟೆಗೆಲ್ಲ ಕತ್ತಲು.

ಕೆಲವು ದಿನಗಳನ್ನು ಮಾತ್ರ ತಿಳಿದೇ ಆರಿಸಬೇಕು ಅಥವಾ ತಿಳಿದೇ ಬಿಡಬೇಕು. ಅಕ್ಟೋಬರ್ 4 ಫ್ರಾನ್ಸಿಸನ ಹಬ್ಬ; ಆತ ಇಟಲಿಯ ಪಾಲಕ ಸಂತ, ಮತ್ತು 2026ರಿಂದ ಆ ದಿನ ಇಟಲಿಗೆ ರಾಷ್ಟ್ರೀಯ ರಜೆ. ಆತ ತೀರಿಕೊಂಡದ್ದು 1226ರ ಅಕ್ಟೋಬರ್ 3ರ ಸಂಜೆಯಾದ್ದರಿಂದ 2026 ಎಂಟುನೂರನೆಯ ಪುಣ್ಯಸ್ಮರಣೆಯ ವರ್ಷವೂ ಹೌದು. ಆಗಸ್ಟ್ 1 ಮತ್ತು 2ರಂದು ಕ್ಷಮಾದಾನದ ಹಬ್ಬಕ್ಕೆ ಬಯಲಿನ ಸಾಂತಾ ಮರಿಯಾ ದೆಲ್ಯಿ ಆಂಜೆಲಿ ಚರ್ಚಿನಲ್ಲಿ ಜನ ಸೇರುತ್ತಾರೆ. ಮೇ ತಿಂಗಳ ಆರಂಭದಲ್ಲಿ ಕಾಲೆಂದಿಮಜ್ಜೋ ಎಂಬ ಉತ್ಸವ ನಡೆಯುತ್ತದೆ: ಊರು 'ಮೇಲಿನ ಬಣ' ಮತ್ತು 'ಕೆಳಗಿನ ಬಣ' ಎಂದು ಎರಡಾಗಿ, ಮಧ್ಯಯುಗದ ಉಡುಪು ತೊಟ್ಟು, ಹಾಡು ಮತ್ತು ಆಟಗಳಲ್ಲಿ ಸೆಣಸುತ್ತದೆ. ಇಳಿಜಾರಿನ ಊರಿನಲ್ಲಿ ಮೇಲು ಕೆಳಗಿನ ಪೈಪೋಟಿ ಹೇಗೆ ಹಬ್ಬವಾಗುತ್ತದೆ ಎಂಬುದನ್ನು ನೋಡುವ ಆಸೆಯಿದ್ದರೆ ಹೋಗಿ, ಆದರೆ ಕೋಣೆಯನ್ನು ತಿಂಗಳುಗಟ್ಟಲೆ ಮೊದಲೇ ಹಿಡಿಯಿರಿ.

ವೀಸಾ ಮತ್ತು ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿತವಾಗಿ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಲೇಬೇಕು. ಬೇಸಿಗೆ ರಜೆಗೆ ಹೋಗುವವರು ಎರಡು ಮೂರು ತಿಂಗಳು ಮುಂಚೆಯೇ ಅರ್ಜಿ ಕೇಂದ್ರದಲ್ಲಿ ಸಮಯ ಗೊತ್ತುಮಾಡಿಕೊಳ್ಳುವುದು ಕ್ಷೇಮ. ಹಲವು ದೇಶ ನೋಡುವುದಿದ್ದರೆ ಹೆಚ್ಚು ದಿನ ಎಲ್ಲಿ ತಂಗುತ್ತೀರೋ ಆ ದೇಶಕ್ಕೆ, ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ ಅರ್ಜಿ. ದೊಡ್ಡವರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಕೋಣೆ ಕಾದಿರಿಸಿದ ಚೀಟಿಗಳು, ಬ್ಯಾಂಕ್ ವಿವರ, ಹೋಗಿಬರುವ ವಿಮಾನದ ಟಿಕೆಟ್ ಇವು ಒಂದಕ್ಕೊಂದು ತಾಳೆಯಾಗಬೇಕು. ಅರ್ಜಿಯಲ್ಲಿ ಅಸ್ಸಿಸಿಯಲ್ಲಿ ಒಂದು ರಾತ್ರಿ ಎಂದು ಬರೆದರೆ ಆ ರಾತ್ರಿಯ ಕಾದಿರಿಸುವಿಕೆಯೂ ಜೊತೆಗಿರಲಿ. ಹೋಟೆಲಿನಲ್ಲಿ ಪಾಸ್‌ಪೋರ್ಟ್ ಕೇಳಿ ವಿವರ ಬರೆದುಕೊಳ್ಳುವುದು ಇಟಲಿಯ ಕಾನೂನು, ಅದಕ್ಕೆ ಗಾಬರಿಯಾಗಬೇಕಿಲ್ಲ. ಕೋಣೆಯ ಬಾಡಿಗೆಯ ಮೇಲೆ ತಲೆಗಿಷ್ಟೆಂದು ಊರಿನ ತೆರಿಗೆ ಪ್ರತ್ಯೇಕವಾಗಿ ಕೇಳುವುದೂ ಉಂಟು.

ತಂಗುವ ಜಾಗ

ಕೋಣೆ ಆರಿಸುವಾಗ ನಕ್ಷೆ ನೋಡಿದರೆ ಸಾಲದು, ಏಕೆಂದರೆ ನಕ್ಷೆಯಲ್ಲಿ ನೂರು ಮೀಟರ್ ಎಂದು ಕಾಣುವುದು ನೆಲದ ಮೇಲೆ ಮೂರು ಅಂತಸ್ತಿನಷ್ಟು ಮೆಟ್ಟಿಲಾಗಿರಬಹುದು. ಕಾದಿರಿಸುವ ಮೊದಲು ಎರಡು ಪ್ರಶ್ನೆ ಬರೆದು ಕೇಳಿ: ಟ್ಯಾಕ್ಸಿ ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು? ಒಳಗೆ ಲಿಫ್ಟ್ ಇದೆಯೇ? ಹಳೆಯ ಕಟ್ಟಡಗಳಾದ್ದರಿಂದ ಎರಡನೆಯದಕ್ಕೆ ಇಲ್ಲ ಎಂಬ ಉತ್ತರವೇ ಹೆಚ್ಚು.

ಸನ್ಯಾಸಿನಿಯರು ನಡೆಸುವ ಅತಿಥಿಗೃಹಗಳು ಊರಿನಲ್ಲಿ ಅನೇಕವಿವೆ. ಯಾವ ಧರ್ಮದವರಿಗೂ ಅಲ್ಲಿ ಕೋಣೆ ಸಿಗುತ್ತದೆ. ಕೋಣೆ ಸರಳ, ಶುಚಿ ಹೆಚ್ಚು, ಬಾಡಿಗೆ ಹೋಟೆಲಿಗಿಂತ ಸಾಮಾನ್ಯವಾಗಿ ಕಡಿಮೆ. ರಾತ್ರಿ ಇಂತಿಷ್ಟು ಗಂಟೆಗೆ ಬಾಗಿಲು ಹಾಕುವ ನಿಯಮ ಹಲವು ಕಡೆ ಇರುವುದರಿಂದ ಆ ಹೊತ್ತನ್ನು ಮೊದಲೇ ತಿಳಿದುಕೊಳ್ಳಿ. ವಯಸ್ಸಾದವರೊಡನೆ ಬರುವ ಕುಟುಂಬಕ್ಕೆ ಪಿಯಾತ್ಸಾ ದೆಲ್ ಕೊಮುನೆ ಮತ್ತು ಸಂತ ಕ್ಲಾರಾಳ ಬೆಸಿಲಿಕಾದ ನಡುವಿನ ಭಾಗವನ್ನು ನಾನು ಸೂಚಿಸುತ್ತೇನೆ. ಇದ್ದುದರಲ್ಲಿ ಅಲ್ಲಿಯ ಬೀದಿ ಹೆಚ್ಚು ಸಮತಟ್ಟು.

ಸಾಮಾನು ಬೆನ್ನಿಗೆ ಹಾಕಿಕೊಳ್ಳುವ ಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆಯನ್ನು ರೋಮ್ ಅಥವಾ ಫ್ಲಾರೆನ್ಸ್‌ನ ಹೋಟೆಲಿನಲ್ಲಿಯೇ ಬಿಟ್ಟು ಒಂದು ರಾತ್ರಿಗೆ ಬೇಕಾದಷ್ಟನ್ನೇ ತರುವುದು ಜಾಣತನ. ಗಾಲಿಪೆಟ್ಟಿಗೆಯನ್ನು ಆ ಕಲ್ಲುಹಾಸಿನ ಮೇಲೆ ಎಳೆದುಕೊಂಡು ಹೋಗುವವರ ಸದ್ದು ಇಡೀ ಓಣಿಗೆ ಕೇಳಿಸುತ್ತದೆ.

ತಲುಪುವುದು

ರೋಮ್‌ನ ತೆರ್ಮಿನಿ ನಿಲ್ದಾಣದಿಂದ ರೈಲಿನಲ್ಲಿ ಎರಡರಿಂದ ಎರಡೂವರೆ ಗಂಟೆ. ಕೆಲವು ರೈಲುಗಳು ನೇರ, ಉಳಿದವುಗಳಲ್ಲಿ ಫೊಲಿನ್ಯೊದಲ್ಲಿ ಬದಲಾಯಿಸಬೇಕು. ಫ್ಲಾರೆನ್ಸ್‌ನಿಂದ ಪೆರೂಜಾ ಮಾರ್ಗವಾಗಿ ಸುಮಾರು ಎರಡೂವರೆ ಗಂಟೆ. ಇವು ಪ್ರಾದೇಶಿಕ ರೈಲುಗಳಾದರೆ ದರ ನಿಗದಿಯಾಗಿರುತ್ತದೆ, ಆದ್ದರಿಂದ ವಾರಗಟ್ಟಲೆ ಮೊದಲು ಟಿಕೆಟ್ ಕೊಳ್ಳುವ ಅಗತ್ಯವಿಲ್ಲ. ಕಾಗದದ ಟಿಕೆಟ್ ಕೊಂಡವರು ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಬಳಿಯ ಯಂತ್ರದಲ್ಲಿ ಅದಕ್ಕೆ ಮುದ್ರೆ ಒತ್ತಿಸಲೇಬೇಕು. ಮೊಬೈಲಿನಲ್ಲಿ ಕೊಂಡವರು ಹೊರಡುವ ಮೊದಲು ಅದರಲ್ಲಿಯೇ ಚೆಕ್-ಇನ್ ಒತ್ತಬೇಕು. ಇದನ್ನು ಮರೆತರೆ ಟಿಕೆಟ್ ಇದ್ದೂ ದಂಡ ಕಟ್ಟಬೇಕಾಗುತ್ತದೆ.

ನಿಲ್ದಾಣದಲ್ಲಿ ಇಳಿದ ಕೂಡಲೇ ಒಳಗಿನ ಅಂಗಡಿಯಲ್ಲಿ ಊರಿಗೆ ಹೋಗುವ ಬಸ್ಸಿನ ಟಿಕೆಟ್ ಕೊಳ್ಳಿ, ವಾಪಸಿನದನ್ನೂ ಆಗಲೇ ಕೊಳ್ಳಿ. ಬಸ್ಸು ನಿಲ್ದಾಣದ ಎದುರಿನಿಂದಲೇ ಹೊರಡುತ್ತದೆ. ಭಾನುವಾರ ಮತ್ತು ರಜಾದಿನಗಳಲ್ಲಿ ಬಸ್ಸು ವಿರಳವಾಗುವುದರಿಂದ ಅಂದು ಟ್ಯಾಕ್ಸಿಗೂ ಸ್ವಲ್ಪ ಹಣ ತೆಗೆದಿಟ್ಟುಕೊಂಡಿರಿ. ಈಗ ಮುಖ್ಯ ಮಾತು. ಬಸ್ಸು ಏರುತ್ತ ಮೊದಲು ಬೆಸಿಲಿಕಾದ ಕೆಳಗಿನ ನಿಲುಗಡೆಯಲ್ಲಿ, ಆಮೇಲೆ ಪೋರ್ತಾ ನುವೊವಾ ಎಂಬ ಊರಬಾಗಿಲ ಬಳಿ ನಿಂತು, ಕೊನೆಗೆ ಪಿಯಾತ್ಸಾ ಮತ್ತೆವೊತ್ತಿ ತಲುಪುತ್ತದೆ. ಮೊದಲ ನಿಲುಗಡೆಯಲ್ಲಿ ಬಹುಪಾಲು ಜನ ಇಳಿಯುತ್ತಾರೆ. ನೀವು ಇಳಿಯಬೇಡಿ. ಕೊನೆಯ ನಿಲುಗಡೆಯವರೆಗೂ ಕುಳಿತಿರಿ, ಅಲ್ಲಿಂದ ಊರಿನ ಹೆಚ್ಚಿನ ಭಾಗ ನಿಮ್ಮ ಕೆಳಗಿರುತ್ತದೆ.

ಬಾಡಿಗೆ ಕಾರಿನಲ್ಲಿ ಬರುವವರಿಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಊರೊಳಗಿನ ಬಹುಭಾಗ ಹೊರಗಿನ ವಾಹನಗಳಿಗೆ ನಿಷಿದ್ಧ ವಲಯ. ಅದರ ಗಡಿಯಲ್ಲಿ ಕ್ಯಾಮೆರಾಗಳಿರುತ್ತವೆ, ದಂಡದ ಚೀಟಿ ತಿಂಗಳುಗಳ ನಂತರ ಬಾಡಿಗೆ ಸಂಸ್ಥೆಯ ಮೂಲಕ ಬರುತ್ತದೆ. ಕೋಟೆಗೋಡೆಯ ಹೊರಗಿನ ನಿಲುಗಡೆಗಳಲ್ಲಿಯೇ ಕಾರು ಬಿಡಿ. ಮೊಯಾನೊ ಎಂಬ ನಿಲುಗಡೆಯಿಂದ ಊರಿಗೆ ಏರಲು ಎಸ್ಕಲೇಟರ್ ಇರುವುದರಿಂದ ಅದೇ ಅನುಕೂಲ.

ಮೊದಲ ಮಧ್ಯಾಹ್ನ: ನೆತ್ತಿಯಿಂದ ನಡುವಿನವರೆಗೆ

ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತಿಗೆ ಮೇಲೆ ತಲುಪುವಂತೆ ಬನ್ನಿ. ಪಿಯಾತ್ಸಾ ಮತ್ತೆವೊತ್ತಿಯಿಂದ ಕೆಲವೇ ನಿಮಿಷಗಳಲ್ಲಿ ಸಂತ ರುಫೀನೊ ಪ್ರಧಾನ ಚರ್ಚು ಸಿಗುತ್ತದೆ. ಫ್ರಾನ್ಸಿಸ್ ಮತ್ತು ಕ್ಲಾರಾ ಇಬ್ಬರಿಗೂ ದೀಕ್ಷಾಸ್ನಾನ ಮಾಡಿಸಿದರೆನ್ನುವ ಕಲ್ಲಿನ ತೊಟ್ಟಿ ಒಳಗಿದೆ. ಆದರೆ ಹೊರಮುಖದ ಮುಂದೆ ನಿಲ್ಲುವುದಕ್ಕೆ ಹೆಚ್ಚು ಹೊತ್ತು ಕೊಡಿ: ಗುಲಾಬಿ ಹೂವಿನಂತೆ ಕೆತ್ತಿದ ಮೂರು ದುಂಡು ಕಿಟಕಿಗಳು, ನಡುವಿನದನ್ನು ಬೆನ್ನಿನ ಮೇಲೆ ಹೊತ್ತಂತಿರುವ ಮೂರು ಮಾನವಾಕೃತಿಗಳು, ಬಾಗಿಲ ಇಕ್ಕೆಲದ ಸಿಂಹಗಳು.

ಅಲ್ಲಿಂದ ಕೋಟೆಗೆ ಹೋಗುವುದೊಂದೇ ಈ ಯೋಜನೆಯಲ್ಲಿ ಉಳಿಯುವ ಏರು. ಹದಿನೈದು ಇಪ್ಪತ್ತು ನಿಮಿಷ ಮೆಟ್ಟಿಲೋಣಿಗಳನ್ನು ಹತ್ತಬೇಕು. 14ನೆಯ ಶತಮಾನದಲ್ಲಿ ಕಾರ್ಡಿನಲ್ ಅಲ್ಬೊರ್ನೊಸ್ ಮತ್ತೆ ಕಟ್ಟಿಸಿದ ಈ ಕೋಟೆಯ ಒಳಗಿಗಿಂತ ಹೊರಗೇ ಹೆಚ್ಚು ಸೊಗಸು. ಟಿಕೆಟ್ ಕೊಳ್ಳದೆ ಗೋಡೆಯ ಬುಡದಲ್ಲಿ ಕುಳಿತರೂ ಬಯಲು, ಬೆಸಿಲಿಕಾ, ಊರಿನ ಹೆಂಚಿನ ಮಾಡುಗಳು ಎಲ್ಲ ಕಾಣುತ್ತವೆ. ಮಂಡಿನೋವಿನವರು ನಿಶ್ಚಿಂತೆಯಿಂದ ಬಿಟ್ಟುಬಿಡಬಹುದು.

ಇಳಿದು ಪಿಯಾತ್ಸಾ ದೆಲ್ ಕೊಮುನೆಗೆ ಬನ್ನಿ. ಇಲ್ಲಿ ಕ್ರಿ.ಪೂ. 1ನೆಯ ಶತಮಾನದ, ರೋಮನ್ ದೇವತೆ ಮಿನರ್ವಾಳ ದೇವಾಲಯದ ಮುಂಭಾಗ ಇಡಿಯಾಗಿ ನಿಂತಿದೆ. ಒಳಗೆ ಈಗ ಚರ್ಚು. ಮಧ್ಯಯುಗದಲ್ಲಿ ಅದೇ ಕಟ್ಟಡ ಊರಾಡಳಿತದ ಕಚೇರಿಯೂ ಸೆರೆಮನೆಯೂ ಆಗಿತ್ತು. ಹೀಗೆ ಸದಾ ಬಳಕೆಯಲ್ಲಿದ್ದುದೇ ಅದು ಉಳಿದದ್ದಕ್ಕೆ ಕಾರಣ. ಎದುರಿನ ಕಾರಂಜಿಯ ಬಳಿ ನಿಂತು ಎರಡು ಸಂಗತಿ ಗಮನಿಸಿ, ಬೇಕಾದರೆ ಒಂದು ಚಿತ್ರ ತೆಗೆದುಕೊಳ್ಳಿ. ಮೊದಲನೆಯದು, ದೇವಾಲಯದ ಕಂಬಗಳನ್ನು ಎಣಿಸಿ: ಆರು, ದಪ್ಪನೆಯ, ಉದ್ದಕ್ಕೆ ಗೀರುಗಳಿರುವ ಕಂಬಗಳು. ಎರಡನೆಯದು, ಪಕ್ಕದ ಎತ್ತರದ ಗೋಪುರವನ್ನು ತುದಿಯವರೆಗೆ ನೋಡಿ. ನಾಳೆ ಬೆಳಗ್ಗೆ ಇವು ಬೇಕಾಗುತ್ತವೆ.

ಚೌಕದಿಂದ ಕೊರ್ಸೊ ಮತ್ಸೀನಿ ಬೀದಿಯಲ್ಲಿ ನಿಧಾನವಾಗಿ ನಡೆದರೆ ಸಂತ ಕ್ಲಾರಾಳ ಬೆಸಿಲಿಕಾ. ಗುಲಾಬಿ ಮತ್ತು ಬಿಳಿ ಕಲ್ಲಿನ ಪಟ್ಟೆಗಳ ಹೊರಮುಖ, ಪಕ್ಕದಲ್ಲಿ ಗೋಡೆಗೆ ಆನಿಸಿದ ಭಾರಿ ಕಮಾನುಗಳು. ಫ್ರಾನ್ಸಿಸನೊಡನೆ ಮಾತನಾಡಿತೆಂದು ಭಕ್ತರು ನಂಬುವ, ಮೂಲತಃ ಸಂತ ದಮಿಯಾನೊ ಚರ್ಚಿನಲ್ಲಿದ್ದ 12ನೆಯ ಶತಮಾನದ ಶಿಲುಬೆ ಈಗ ಇದರೊಳಗಿದೆ. ಮುಂದಿನ ಅಂಗಳ ಬಯಲಿನ ಕಡೆಗೆ ತೆರೆದಿದೆ, ಸೂರ್ಯಾಸ್ತಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ. ಅಷ್ಟು ಹೊತ್ತಿಗೆ ಪ್ರವಾಸಿ ಬಸ್ಸುಗಳು ಇಳಿದುಹೋಗಿರುತ್ತವೆ. ಒಂದು ರಾತ್ರಿ ತಂಗಿರೆಂದು ನಾನು ಒತ್ತಾಯಿಸುವುದು ಈ ಸಂಜೆಗಾಗಿ ಮತ್ತು ಮರುದಿನದ ಬೆಳಗಿಗಾಗಿ.

ಊಟ

ಸಸ್ಯಾಹಾರಿಗಳು ಉಪವಾಸವಿರಬೇಕಾಗಿಲ್ಲ, ಆದರೆ ಕೇಳಿ ತಿನ್ನಬೇಕು. ಉಂಬ್ರಿಯಾದ ಮುಖ್ಯ ತಿಂಡಿ ತೋರ್ತಾ ಅಲ್ ತೆಸ್ತೊ: ಕಾದ ದುಂಡು ಹಂಚಿನ ಮೇಲೆ ಬೇಯಿಸಿದ, ನಮ್ಮ ದಪ್ಪ ರೊಟ್ಟಿಯನ್ನು ಹೋಲುವ ಗೋಧಿಯ ರೊಟ್ಟಿ. ಅದನ್ನು ಸೀಳಿ ನಡುವೆ ಬಾಡಿಸಿದ ಸೊಪ್ಪು ಅಥವಾ ಗಿಣ್ಣು (ಚೀಸ್) ತುಂಬಿಸಿಕೊಳ್ಳಬಹುದು. ಕೆಲವರು ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುವುದರಿಂದ 'ಸ್ತ್ರುತ್ತೊ' ಹಾಕಿದೆಯೇ ಎಂದು ಕೇಳಿ. ಸ್ತ್ರಾಂಗೊತ್ಸಿ ಎಂಬ ಕೈಯಲ್ಲಿ ಮಾಡಿದ ಶಾವಿಗೆಯನ್ನು ಕಪ್ಪು ಟ್ರಫಲ್ ಎಂಬ ನೆಲದಡಿಯ ಅಣಬೆಯೊಡನೆ ಕೊಡುತ್ತಾರೆ. ಅದರ ಗೊಜ್ಜಿಗೆ ಆಂಚೊವಿ ಮೀನು ಸೇರುವ ವಾಡಿಕೆಯೂ ಇದೆ. 'ಅಲ್ಲಾ ನೊರ್ಚೀನಾ' ಎಂದು ಬರೆದಿದ್ದರೆ ಮಾಂಸವೋ ಮೀನೋ ಇದೆ ಎಂದೇ ತಿಳಿಯಿರಿ. ಕಾಸ್ತೆಲ್ಲೂಚೊದ ಸಣ್ಣ ಚನ್ನಂಗಿಬೇಳೆಯ ಸಾರು ಹೆಸರುವಾಸಿ, ಮಾಂಸದ ಕಟ್ಟಿನಲ್ಲಿ ಬೇಯಿಸಿಲ್ಲವೆಂದು ಖಚಿತಪಡಿಸಿಕೊಂಡು ತೆಗೆದುಕೊಳ್ಳಿ. 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ' ಎಂದರೆ ಮಾಂಸವಿಲ್ಲದೆ, ಮೀನಿಲ್ಲದೆ ಎಂದು ಅವರಿಗೆ ತಿಳಿಯುತ್ತದೆ. ಪಾರ್ಮಿಜಾನೊ ಗಿಣ್ಣಿಗೆ ಹಾಲನ್ನು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯ ರೆನ್ನೆಟ್ ಬಳಸುತ್ತಾರೆಂಬುದು ಕಟ್ಟುನಿಟ್ಟಿನವರಿಗೆ ತಿಳಿದಿರಲಿ. ಸೇಬು ಮತ್ತು ಬೀಜಗಳನ್ನು ತುಂಬಿ ಸುರುಳಿ ಸುತ್ತಿದ ರೊಚ್ಚಾತಾ ಈ ಭಾಗದ ಸಿಹಿ.

ಊಟದ ಮನೆಗಳು ಮಧ್ಯಾಹ್ನ ಎರಡೂವರೆಗೆ ಅಡುಗೆಮನೆ ಮುಚ್ಚಿ ಮತ್ತೆ ಏಳರ ನಂತರವೇ ತೆರೆಯುವುದು ಸಾಮಾನ್ಯ. ಬಿಲ್ಲಿನಲ್ಲಿ ಕಾಣುವ 'ಕೊಪೆರ್ತೊ' ಎಂಬುದು ಕುಳಿತದ್ದಕ್ಕೆ ತಲೆಗಿಷ್ಟೆಂದು ಹಾಕುವ ವಾಡಿಕೆಯ ಮೊತ್ತ, ಮೋಸವಲ್ಲ.

ಎರಡನೆಯ ಬೆಳಗ್ಗೆ: ಬೆಸಿಲಿಕಾ

ಬೆಳಗಿನ ಕಾಫಿಗಿಂತ ಮೊದಲೇ ಚೌಕದಿಂದ ವಿಯಾ ಸಾನ್ ಫ್ರಾಂಚೆಸ್ಕೊ ಬೀದಿ ಹಿಡಿದು ಇಳಿಯಿರಿ. ಭುಜ ಮತ್ತು ಮಂಡಿ ಮುಚ್ಚುವ ಉಡುಪಿರಲಿ. ನಮ್ಮ ಸೀರೆ, ಚೂಡಿದಾರಕ್ಕೆ ಯಾವ ತಕರಾರೂ ಇಲ್ಲ. ಪ್ರವೇಶಕ್ಕೆ ಹಣವಿಲ್ಲ, ಒಳಗೆ ಚಿತ್ರ ತೆಗೆಯುವಂತಿಲ್ಲ, ಮಾತು ಜೋರಾದರೆ ಎಚ್ಚರಿಸುತ್ತಾರೆ.

1228ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿ ಫ್ರಾನ್ಸಿಸನನ್ನು ಸಂತನೆಂದು ಸಾರಿದ ಮರುದಿನವೇ ಇದರ ಅಡಿಗಲ್ಲಿಟ್ಟ; 1253ರಲ್ಲಿ ಪ್ರತಿಷ್ಠೆಯಾಯಿತು. ಇಳಿಜಾರಿನ ಲಾಭ ಪಡೆದು ಒಂದರ ಮೇಲೊಂದು ಎರಡು ಚರ್ಚು ಕಟ್ಟಿದ್ದಾರೆ. ಕೆಳಗಿನದಕ್ಕೆ ಕೆಳ ಅಂಗಳದಿಂದ, ಮೇಲಿನದಕ್ಕೆ ಮೇಲಿನ ಹುಲ್ಲಿನ ಅಂಗಳದಿಂದ ಬಾಗಿಲು. ಕೆಳಗಿನದು ಬೆಳಗ್ಗೆ ಬೇಗ ತೆರೆಯುವುದರಿಂದ ಅಲ್ಲಿಂದ ಆರಂಭಿಸಿ. ಮೆಟ್ಟಿಲಿಳಿದರೆ ಸಮಾಧಿ: 1230ರಲ್ಲಿ ಕಳವಿನ ಭಯಕ್ಕೆ ಬಂಡೆಯೊಳಗೆ ಹುದುಗಿಸಿದ ದೇಹ ಮತ್ತೆ ಪತ್ತೆಯಾದದ್ದು 1818ರಲ್ಲಿ. ಮೇಲೆ ಬಂದು, ಶಿಲುಬೆಯಾಕಾರದ ಚರ್ಚಿನ ಎಡದ ತೋಳಿನಲ್ಲಿ ಪಿಯೆತ್ರೊ ಲೊರೆಂತ್ಸೆತ್ತಿ ಬರೆದ, ಕ್ರಿಸ್ತನನ್ನು ಶಿಲುಬೆಯಿಂದಿಳಿಸುವ ದೃಶ್ಯ, ಬಾಗಿಲ ಕಡೆಯ ಸಂತ ಮಾರ್ಟಿನನ ಗುಡಿಯಲ್ಲಿ ಸಿಮೋನೆ ಮಾರ್ತೀನಿಯ ಚಿತ್ರಗಳು ಇವೆರಡನ್ನಾದರೂ ನೋಡಿ. ಕಣ್ಣು ಕತ್ತಲೆಗೆ ಹೊಂದಲು ಐದು ನಿಮಿಷ ಬೇಕು.

ಮೇಲಿನ ಚರ್ಚು ಬೆಳಕಿನದು. ಗೋಡೆಯ ಕೆಳಭಾಗದಲ್ಲಿ ಫ್ರಾನ್ಸಿಸನ ಬದುಕಿನ 28 ಗೋಡೆಚಿತ್ರಗಳಿವೆ. ಇವನ್ನು ಹೆಸರಾಂತ ಚಿತ್ರಕಾರ ಜೊತ್ತೊ ಬರೆದನೆಂಬುದು ಹಳೆಯ ನಂಬಿಕೆ; ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಹೆಚ್ಚಿನವರು ಬಾಗಿಲಿನಿಂದ ಒಳಗೆ ಬಂದು ಹತ್ತಿರ ಸಿಕ್ಕಿದ ಚಿತ್ರದಿಂದ ನೋಡಲಾರಂಭಿಸುತ್ತಾರೆ. ಕಥೆ ಅಲ್ಲಿಂದ ಶುರುವಾಗುವುದಿಲ್ಲ. ವೇದಿಕೆಗೆ ಮುಖ ಮಾಡಿ ನೇರ ಮುಂದೆ ನಡೆದು, ಬಲಗೋಡೆಯ ತುದಿಯ ಚಿತ್ರದ ಮುಂದೆ ನಿಲ್ಲಿ. ಅಲ್ಲಿಂದ ಬಾಗಿಲಿನ ಕಡೆಗೆ ಬಂದು, ಬಾಗಿಲ ಅಕ್ಕಪಕ್ಕದ ಎರಡನ್ನು ನೋಡಿ (ಹಕ್ಕಿಗಳಿಗೆ ಉಪದೇಶ ಮಾಡುವ ಪ್ರಸಿದ್ಧ ಚಿತ್ರ ಇಲ್ಲಿದೆ), ಮತ್ತೆ ಎಡಗೋಡೆಯಲ್ಲಿ ವೇದಿಕೆಯ ಕಡೆಗೆ ಸಾಗಬೇಕು.

ಆ ಮೊದಲ ಚಿತ್ರವನ್ನು ಗಮನಿಸಿ. ಒಬ್ಬ ಸಾಮಾನ್ಯ ಮನುಷ್ಯ ತರುಣ ಫ್ರಾನ್ಸಿಸನ ಕಾಲ ಕೆಳಗೆ ತನ್ನ ಬಟ್ಟೆ ಹಾಸುತ್ತಿದ್ದಾನೆ, ಹಿಂದೆ ನಿನ್ನೆ ನೀವು ನೋಡಿದ ಚೌಕ. ಆದರೆ ಮಿನರ್ವಾ ದೇವಾಲಯಕ್ಕೆ ಇಲ್ಲಿ ಐದೇ ಕಂಬ, ಅವೂ ಸಣಕಲು. ಪಕ್ಕದ ಗೋಪುರ ಇನ್ನೂ ಪೂರ್ತಿಯಾಗಿಲ್ಲ. ಗೋಪುರ ಮುಗಿದದ್ದು 1305ರಲ್ಲಾದ್ದರಿಂದ ಚಿತ್ರ ಅದಕ್ಕಿಂತ ಮುಂಚಿನದೆಂದು ವಾದಿಸಲು ವಿದ್ವಾಂಸರಿಗೆ ಇದೊಂದು ಆಧಾರ. ಬೆಸಿಲಿಕಾವನ್ನು ಮೊದಲು ನೋಡಿ ಚೌಕಕ್ಕೆ ಆಮೇಲೆ ಹೋದವರಿಗೆ ಈ ಹೋಲಿಕೆ ತಪ್ಪಿಯೇ ಹೋಗುತ್ತದೆ. ಒಳಗೆ ಚಿತ್ರ ತೆಗೆಯುವಂತಿಲ್ಲವಾದ್ದರಿಂದ ನೆನಪಿನಿಂದ ಹೋಲಿಸುವುದೂ ಕಷ್ಟ.

ತಲೆಯೆತ್ತಿ ಚಾವಣಿಯನ್ನೂ ನೋಡಿ. 1997ರ ಸೆಪ್ಟೆಂಬರ್ 26ರ ಭೂಕಂಪದಲ್ಲಿ ಅದರ ಭಾಗಗಳು ಕುಸಿದು, ಹಾನಿಯನ್ನು ಪರಿಶೀಲಿಸಲು ಒಳಗಿದ್ದ ನಾಲ್ವರು ಸತ್ತರು. ಅಸಂಖ್ಯ ಚೂರುಗಳನ್ನು ಆಯ್ದು, ಹೊಂದಿಸಿ, 1999ರಲ್ಲಿ ಚರ್ಚನ್ನು ಮತ್ತೆ ತೆರೆದರು. ಹೊಂದಿಸಲಾಗದೆ ಉಳಿದ ಕಡೆ ಬರಿಯ ಗಾರೆ ಕಾಣುತ್ತದೆ. ಎಡದ ತೋಳಿನಲ್ಲಿ ಚಿಮಬೂಯೆ ಬರೆದ ಶಿಲುಬೆಯ ಚಿತ್ರ ಛಾಯಾಚಿತ್ರದ ನೆಗೆಟಿವ್‌ನಂತೆ ಕಾಣುವುದಕ್ಕೆ ಭೂಕಂಪ ಕಾರಣವಲ್ಲ. ಸೀಸದ ಬಿಳಿಬಣ್ಣ ಕಾಲಕ್ರಮದಲ್ಲಿ ಕಪ್ಪಾಗಿದೆ.

ಉಳಿದ ಹೊತ್ತಿಗೆ

ಹತ್ತು ಗಂಟೆಗೆ ಗುಂಪುಗಳು ಬರತೊಡಗಿದಾಗ ನೀವು ಹೊರಗೆ ಬಂದಿರಬೇಕು. ಈಗ ಎರಡರಲ್ಲಿ ಒಂದನ್ನು ಆರಿಸಿ. ಕಾಲು ಗಟ್ಟಿಯಿದ್ದವರು ಟ್ಯಾಕ್ಸಿಯಲ್ಲಿ ಎರೆಮೊ ದೆಲ್ಲೆ ಕಾರ್ಚೆರಿಗೆ ಹೋಗಿ. ಊರಿನಿಂದ ಸುಮಾರು ನಾಲ್ಕು ಕಿಲೋಮೀಟರ್ ಮೇಲೆ, ಓಕ್ ಮರಗಳ ಕಾಡಿನಲ್ಲಿ, ಫ್ರಾನ್ಸಿಸ್ ಮತ್ತು ಜೊತೆಗಾರರು ಧ್ಯಾನಕ್ಕೆ ಕೂರುತ್ತಿದ್ದ ಗವಿಗಳಿವೆ. ಬಾಗಿಲುಗಳು ತಗ್ಗು, ಬಗ್ಗದೆ ಹೋಗುವಂತಿಲ್ಲ. ವಾಪಸು ನಡೆದೇ ಇಳಿಯಿರಿ. ಹೆಚ್ಚು ನಡೆಯಲಾಗದವರು ಸಂತ ದಮಿಯಾನೊಗೆ ಹೋಗಬಹುದು. ಪೋರ್ತಾ ನುವೊವಾದಿಂದ ಆಲಿವ್ ಮರಗಳ ನಡುವೆ ಒಂದು ಕಿಲೋಮೀಟರಿನಷ್ಟು ಇಳಿದರೆ ಕ್ಲಾರಾ 1253ರಲ್ಲಿ ಸಾಯುವವರೆಗೆ ಬಾಳಿದ ಪುಟ್ಟ ಮಠ ಸಿಗುತ್ತದೆ. ಸೂರ್ಯನನ್ನು ಅಣ್ಣನೆಂದೂ ಚಂದ್ರನನ್ನು ಅಕ್ಕನೆಂದೂ ಕರೆಯುವ ಹಾಡನ್ನು ಫ್ರಾನ್ಸಿಸ್ 1225ರಲ್ಲಿ ಕಟ್ಟತೊಡಗಿದ್ದು ಇಲ್ಲೆಂಬುದು ಪ್ರತೀತಿ. ಮರಳುವ ಏರಿಗೆ ಟ್ಯಾಕ್ಸಿ ಕರೆಸಿಕೊಳ್ಳಿ.

ಇಳಿದು ಹೊರಡುವುದು

ಸಾಮಾನು ಹಗುರವಾಗಿದ್ದರೆ ಕೊನೆಯ ಇಳಿತವನ್ನೂ ಬಸ್ಸಿಗೆ ಬಿಡಬೇಡಿ. ಬೆಸಿಲಿಕಾದ ಕೆಳಗಿನ ಪೋರ್ತಾ ಸಾನ್ ಪಿಯೆತ್ರೊದಿಂದ ಹೊರಬಿದ್ದು ರಸ್ತೆಬದಿಯ ಇಟ್ಟಿಗೆಯ ಕಾಲುಹಾದಿ ಹಿಡಿಯಿರಿ. ಅದರ ಇಟ್ಟಿಗೆಗಳ ಮೇಲೆ ಹಣ ಕೊಟ್ಟವರ ಹೆಸರು, ಊರು, ದೇಶ ಕೊರೆದಿದೆ. ಓದುತ್ತ ನಡೆದರೆ ಒಂದು ಗಂಟೆಯೊಳಗೆ ಸಾಂತಾ ಮರಿಯಾ ದೆಲ್ಯಿ ಆಂಜೆಲಿ ತಲುಪುತ್ತೀರಿ. ಹಿಂದಿರುಗಿ ನೋಡಿದರೆ ಬೆಸಿಲಿಕಾದ ಕಮಾನುಗಳ ಮೇಲೆ ಇಡೀ ಊರು ಒಂದೇ ನೋಟಕ್ಕೆ ಸಿಗುವುದು ಈ ದಾರಿಯಲ್ಲಿ ಮಾತ್ರ.

ಕೆಳಗಿನ ದೊಡ್ಡ ಗುಮ್ಮಟದ ಚರ್ಚಿನ ಕಟ್ಟಡ 1569ರಲ್ಲಿ ಆರಂಭವಾಯಿತು. ಅದರ ಒಡಲೊಳಗೆ ಪೊರ್ತ್ಸಿಯುಂಕೊಲಾ ಎಂಬ ಸಣ್ಣ ಕಲ್ಲುಗುಡಿಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಫ್ರಾನ್ಸಿಸ್ ತೀರಿಕೊಂಡ ಜಾಗ ಅದರ ಪಕ್ಕದಲ್ಲಿಯೇ ಇದೆ. ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕುವ ಸಾಧ್ಯತೆ ಇರುವುದರಿಂದ ಹನ್ನೆರಡರೊಳಗೆ ಅಥವಾ ಮೂರರ ನಂತರ ತಲುಪುವಂತೆ ನೋಡಿಕೊಳ್ಳಿ. ಇಲ್ಲಿಂದ ನಿಲ್ದಾಣಕ್ಕೆ ಹತ್ತು ಹದಿನೈದು ನಿಮಿಷದ ಸಮತಟ್ಟು ದಾರಿ. ರೋಮ್ ಕಡೆಗೆ ಹೋಗುವವರು ಫೊಲಿನ್ಯೊದಲ್ಲಿ ಬದಲಾಯಿಸಬೇಕೇ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ನೋಡಿಕೊಂಡು, ನಡುವೆ ಹತ್ತು ನಿಮಿಷಕ್ಕಿಂತ ಕಡಿಮೆ ಬಿಡುವಿದ್ದರೆ ಮುಂದಿನ ರೈಲನ್ನೇ ಆರಿಸಿಕೊಳ್ಳಿ.